ಕೊಯ್ಲಿನ ನಂತರದ ನಷ್ಟ: ಬಿಸಿ ಹವೆಯ ಸಣ್ಣ ರೈತರು ಮೊದಲು ಯಾವುದಕ್ಕೆ ಹಣ ಹಾಕಬೇಕು?

ಬೆಳೆದ ಫಸಲನ್ನು ಹಾಳಾಗದಂತೆ ಉಳಿಸಿಕೊಳ್ಳಬೇಕೆಂದು ಹೊರಟ ಸಣ್ಣ ಹಿಡುವಳಿದಾರರ ಮುಂದೆ ಇಂದು ಆಯ್ಕೆಗಳಿಗೆ ಕೊರತೆಯಿಲ್ಲ. ಗಾಳಿಯಾಡದ ಚೀಲ, ತಗಡಿನ ಕಣಜ, ಸೌರ ಶಾಖದ ಒಣಪೆಟ್ಟಿಗೆ, ಪ್ಲಾಸ್ಟಿಕ್ ಕ್ರೇಟು, ಇಟ್ಟಿಗೆ ಮತ್ತು ಮರಳಿನ ತಂಪುಕೋಣೆ, ಸೌರ ವಿದ್ಯುತ್ತಿನ ಶೀತಲಗೃಹ ಎಲ್ಲವೂ ಸಿಗುತ್ತವೆ, ಎಲ್ಲವುಗಳ ಪರವಾಗಿಯೂ ಮಾತನಾಡುವವರಿದ್ದಾರೆ. ಕೈಯಲ್ಲಿರುವ ಹಣ ಮಾತ್ರ ಸಾಮಾನ್ಯವಾಗಿ ಇವುಗಳಲ್ಲಿ ಒಂದಕ್ಕಷ್ಟೇ ಸಾಲುತ್ತದೆ. ಆದ್ದರಿಂದ ಯಾವುದು ಒಳ್ಳೆಯದು ಎಂಬುದಕ್ಕಿಂತ, ನಮ್ಮ ಫಸಲಿಗೆ ಮತ್ತು ನಮ್ಮ ಹವೆಗೆ ಯಾವುದು ಮೊದಲು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಜಗತ್ತಿನಲ್ಲಿ ಉತ್ಪಾದನೆಯಾಗುವ ಆಹಾರದ ಮೌಲ್ಯದಲ್ಲಿ ಸುಮಾರು ಶೇಕಡಾ 14ರಷ್ಟು ಕೊಯ್ಲಿನ ನಂತರ, ಚಿಲ್ಲರೆ ಅಂಗಡಿಯನ್ನು ತಲುಪುವ ಮೊದಲೇ ನಷ್ಟವಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಆದರೆ ಈ ಸರಾಸರಿಯನ್ನು ನೋಡಿ ಯಾವ ರೈತರೂ ತಮ್ಮ ಹಣವನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸಲಾರರು. ಒಬ್ಬರ ಫಸಲು ಕಣದಲ್ಲಿ ಮಳೆಗೆ ಸಿಕ್ಕಿ ಮುಗ್ಗಿದರೆ, ಇನ್ನೊಬ್ಬರದು ನಾಲ್ಕನೆಯ ತಿಂಗಳಲ್ಲಿ ಚೀಲದೊಳಗೆ ಹಿಟ್ಟಾಗುತ್ತದೆ, ಮತ್ತೊಬ್ಬರದು ಬುಟ್ಟಿಯ ತಳದಲ್ಲಿ ಜಜ್ಜಿಹೋಗುತ್ತದೆ. ಈ ಮೂವರಿಗೂ ಒಂದೇ ಸಾಧನವನ್ನು ಶಿಫಾರಸು ಮಾಡುವುದು ಸರಿಯಲ್ಲ.

ಅಳೆಯಬೇಕಾದ ಸಂಗತಿಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಫಸಲಿನ ಸ್ವಭಾವ. ಧಾನ್ಯ ಮತ್ತು ದ್ವಿದಳ ಕಾಳುಗಳು ಒಣಗಿದಷ್ಟೂ ಬಾಳುತ್ತವೆ. ಹಣ್ಣು, ತರಕಾರಿ, ಸೊಪ್ಪುಗಳು ನೀರು ಕಳೆದುಕೊಂಡಷ್ಟೂ ಬೇಗ ಕೆಡುತ್ತವೆ. ಒಂದಕ್ಕೆ ಬೇಕಾದದ್ದು ಶುಷ್ಕತೆ, ಇನ್ನೊಂದಕ್ಕೆ ಬೇಕಾದದ್ದು ತಂಪು ಮತ್ತು ತೇವ. ಹೀಗಾಗಿ ಎರಡಕ್ಕೂ ಸಲ್ಲುವ ಸಾಧನವೆಂಬುದು ಇಲ್ಲ.

ಎರಡನೆಯದು, ನಷ್ಟ ಯಾವ ಹಂತದಲ್ಲಿ ಆಗುತ್ತಿದೆ ಎಂಬುದು. ಹೊಲ, ಒಕ್ಕಣೆ, ಒಣಗಿಸುವ ಕಣ, ಸಂಗ್ರಹದ ಕೋಣೆ, ಸಾಗಣೆ ಈ ಐದು ಕಡೆಗಳಲ್ಲಿ ಎಷ್ಟು ಫಸಲು ಬಿದ್ದುಹೋಯಿತು, ಕೊಳೆಯಿತು, ಹುಳುಗಳ ಪಾಲಾಯಿತು ಎಂಬುದನ್ನು ಒಂದು ಹಂಗಾಮಿನ ಮಟ್ಟಿಗೆ ಬರೆದಿಟ್ಟುಕೊಂಡರೆ, ಖರೀದಿಯ ಅರ್ಧ ನಿರ್ಧಾರ ಅಲ್ಲಿಯೇ ಆಗಿಬಿಡುತ್ತದೆ. ಮೂರನೆಯದು ಹವೆ. ಒಣ ಸೆಕೆಯಲ್ಲಿ ಚೆನ್ನಾಗಿ ದುಡಿಯುವ ಸಾಧನ ಕರಾವಳಿಯಂಥ ಒದ್ದೆ ಸೆಕೆಯಲ್ಲಿ ಸೋಲಬಹುದು, ಮತ್ತು ಈ ವ್ಯತ್ಯಾಸವನ್ನು ಮಾರಾಟದ ಕರಪತ್ರಗಳು ಹೇಳುವುದು ಅಪರೂಪ. ನಾಲ್ಕನೆಯದಾಗಿ, ಎಷ್ಟು ಫಸಲನ್ನು ಎಷ್ಟು ತಿಂಗಳು ಇಡಬೇಕು ಮತ್ತು ನಡುವೆ ಎಷ್ಟು ಬಾರಿ ತೆಗೆದು ಬಳಸಬೇಕು ಎಂಬುದು ಸ್ಪಷ್ಟವಾಗಿರಬೇಕು.

ಇನ್ನು ವೆಚ್ಚ. ಸಾಧನದ ಬೆಲೆಯನ್ನು ಹಾಗೆಯೇ ನೋಡದೆ, ಅದರಲ್ಲಿ ಹಿಡಿಸುವ ಕಿಲೋಗಳನ್ನು ಅದು ಬಾಳುವ ಹಂಗಾಮುಗಳಿಂದ ಗುಣಿಸಿ, ಬಂದ ಸಂಖ್ಯೆಯಿಂದ ಬೆಲೆಯನ್ನು ಭಾಗಿಸಬೇಕು. ಒಂದು ಕಿಲೋ ಫಸಲನ್ನು ಒಂದು ಹಂಗಾಮಿಗೆ ಕಾಪಾಡಲು ತಗಲುವ ಖರ್ಚು ಹೀಗೆ ಸಿಗುತ್ತದೆ, ಮತ್ತು ಅದನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು. ಇದಕ್ಕೆ ಕೂಲಿಯನ್ನೂ ಸೇರಿಸಬೇಕು. ಕಾಳನ್ನು ಗಂಟೆಗಟ್ಟಲೆ ತಿರುವಿಹಾಕುವ, ತಂಪುಕೋಣೆಗೆ ನೀರು ಹೊರುವ ಕೆಲಸ ಬಹುಪಾಲು ಮನೆಯ ಹೆಂಗಸರ ಮೇಲೆಯೇ ಬೀಳುವುದರಿಂದ ಅದು ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ ನಿಂತ ವ್ಯವಸ್ಥೆ ಹೆಚ್ಚು ದಿನ ನಡೆಯುವುದಿಲ್ಲ. ಕೊನೆಯದಾಗಿ ಸುರಕ್ಷತೆ ಮತ್ತು ದುರಸ್ತಿ: ಸಾಧನ ಕೆಟ್ಟರೆ ಹತ್ತಿರದಲ್ಲಿ ಸರಿಪಡಿಸುವವರಿದ್ದಾರೆಯೇ, ತಪ್ಪಾಗಿ ಬಳಸಿದರೆ ಜೀವಕ್ಕೆ ಅಪಾಯವಿದೆಯೇ ಎಂದು ಕೇಳಿಕೊಳ್ಳಬೇಕು.

ಒಣಗಿಸುವುದು: ಉಳಿದೆಲ್ಲವೂ ನಿಂತಿರುವ ಹಂತ

ಕಾಳು-ಕಡ್ಡಿ ಬೆಳೆಯುವವರು ಸಂಗ್ರಹದ ಸಾಧನಗಳನ್ನು ನೋಡುವ ಮೊದಲು ಒಣಗಿಸುವಿಕೆಯನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒದ್ದೆ ಕಾಳನ್ನು ಅತ್ಯುತ್ತಮ ಚೀಲದಲ್ಲಿ ಕಟ್ಟಿದರೂ ಅದು ಮುಗ್ಗುತ್ತದೆ. ಹೆಚ್ಚು ಕಾಲ ಇಡಬೇಕಾದ ಮೆಕ್ಕೆಜೋಳದ ತೇವಾಂಶ ಶೇಕಡಾ 13ರ ಸುಮಾರಿಗೆ, ಭತ್ತದ್ದು ಶೇಕಡಾ 12ರಿಂದ 13ಕ್ಕೆ, ಸಿಪ್ಪೆ ಬಿಡಿಸಿದ ಶೇಂಗಾದ್ದು ಶೇಕಡಾ 7ರ ಆಸುಪಾಸಿಗೆ ಇಳಿಯಬೇಕು. ಎಣ್ಣೆಕಾಳುಗಳಿಗೆ ಇನ್ನೂ ಕಡಿಮೆ ತೇವಾಂಶ ಬೇಕು ಎಂಬುದನ್ನು ಅನೇಕರು ಗಮನಿಸುವುದಿಲ್ಲ. ತೇವಾಂಶ ಉಳಿದ ಕಾಳಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಈ ವಿಷ ಸಾಮಾನ್ಯ ಅಡುಗೆಯ ಶಾಖಕ್ಕೆ ನಾಶವಾಗುವುದಿಲ್ಲ. 2004ರಲ್ಲಿ ಕೆನ್ಯಾದ ಪೂರ್ವಭಾಗದಲ್ಲಿ ಇಂಥ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, ಅವರಲ್ಲಿ 125 ಜನ ಸತ್ತರು. ಆದ್ದರಿಂದ ಒಣಗಿಸುವಿಕೆಗೆ ಹಾಕುವ ಹಣವನ್ನು ಕೇವಲ ತೂಕ ಉಳಿಸುವ ಖರ್ಚೆಂದು ನೋಡಬಾರದು.

ನೆಲದ ಮೇಲೆ ಅಥವಾ ರಸ್ತೆಯ ಅಂಚಿನಲ್ಲಿ ಹರಡುವುದಕ್ಕೆ ಹೋಲಿಸಿದರೆ ಟಾರ್ಪಾಲು ಅತಿ ಕಡಿಮೆ ಖರ್ಚಿನ ದೊಡ್ಡ ಸುಧಾರಣೆ. ಮಣ್ಣಿನ ತೇವ ಮೇಲೇರುವುದಿಲ್ಲ, ಕಲ್ಲು-ಧೂಳು ಸೇರುವುದಿಲ್ಲ, ಮೋಡ ಕವಿದರೆ ನಾಲ್ಕು ಮೂಲೆ ಹಿಡಿದು ಮಡಚಬಹುದು. ಕಾಳನ್ನು 2ರಿಂದ 4 ಸೆಂಟಿಮೀಟರ್ ದಪ್ಪಕ್ಕೆ ಹರಡಿ ಅರ್ಧ ಗಂಟೆಗೊಮ್ಮೆ ತಿರುವಿಹಾಕಬೇಕು. ಇನ್ನೂ ತೆಳ್ಳಗೆ ಹರಡಿದರೆ ಭತ್ತ ಅತಿಯಾಗಿ ಕಾದು ಬಿರುಕು ಬಿಟ್ಟು, ಗಿರಣಿಯಲ್ಲಿ ನುಚ್ಚು ಹೆಚ್ಚಾಗುತ್ತದೆ. ಇದರ ದೌರ್ಬಲ್ಯವೆಂದರೆ ಕೂಲಿ ಮತ್ತು ಜಾಗ. ಕೊಯ್ಲು ಮಳೆಗಾಲದ ಬಾಲಕ್ಕೆ ಸಿಕ್ಕುವ ಪ್ರದೇಶಗಳಲ್ಲಿ ಬಿಸಿಲೂ ಬರುವುದಿಲ್ಲ, ಗಾಳಿಯೂ ಒಣಗಿರುವುದಿಲ್ಲ. ಗಾಳಿಯ ಆರ್ದ್ರತೆ ಶೇಕಡಾ 80ರ ಮೇಲಿದ್ದರೆ ಮೆಕ್ಕೆಜೋಳವನ್ನು ಎಷ್ಟು ದಿನ ಹರಡಿಟ್ಟರೂ ಅದು ಶೇಕಡಾ 13ಕ್ಕೆ ಇಳಿಯುವುದಿಲ್ಲ. ಸುತ್ತಲಿನ ಗಾಳಿ ಹೀರಿಕೊಳ್ಳಬಲ್ಲಷ್ಟೇ ನೀರನ್ನು ಅದು ಬಿಡಬಲ್ಲದು.

ಗಾಜು ಅಥವಾ ಪ್ಲಾಸ್ಟಿಕ್ ಹೊದಿಕೆಯ ಸೌರ ಒಣಪೆಟ್ಟಿಗೆಗಳು ಒಳಗಿನ ಗಾಳಿಯನ್ನು ಕಾಯಿಸಿ ಅದರ ಆರ್ದ್ರತೆಯನ್ನು ಇಳಿಸುವುದರಿಂದ ಈ ತೊಡಕನ್ನು ಸ್ವಲ್ಪ ಮಟ್ಟಿಗೆ ದಾಟುತ್ತವೆ. ನೊಣ, ಧೂಳು, ಮಳೆಯ ಕಾಟವೂ ತಪ್ಪುತ್ತದೆ. ಆದರೆ ಒಂದು ಬಾರಿಗೆ ಹಿಡಿಸುವುದು ಕಡಿಮೆಯಾದ್ದರಿಂದ, ಹತ್ತಾರು ಚೀಲ ಧಾನ್ಯ ಬೆಳೆಯುವವರಿಗೆ ಸಣ್ಣ ಪೆಟ್ಟಿಗೆ ಸಾಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇವು ಹಣ್ಣಿನ ಹೋಳು, ಟೊಮೆಟೊ, ಮೆಣಸಿನಕಾಯಿ, ಸೊಪ್ಪು, ಸಾಂಬಾರ ಪದಾರ್ಥಗಳಂಥ ಹೆಚ್ಚು ಬೆಲೆಯ ವಸ್ತುಗಳಿಗೆ ಹೊಂದುತ್ತವೆ. ಇದರಲ್ಲಿಯೂ ನೇರ ಬಿಸಿಲು ಬೀಳುವ ಪೆಟ್ಟಿಗೆಗಿಂತ, ಕಾದ ಗಾಳಿಯನ್ನು ಮಾತ್ರ ನೆರಳಿನ ಗೂಡಿಗೆ ಹಾಯಿಸುವ ಮಾದರಿ ಬಣ್ಣವನ್ನೂ ಜೀವಸತ್ವಗಳನ್ನೂ ಹೆಚ್ಚು ಉಳಿಸುತ್ತದೆ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸುರಂಗ ಮಾದರಿಯಲ್ಲಿ ಸಣ್ಣ ಸೌರ ಫಲಕದಿಂದಲೇ ಫ್ಯಾನು ತಿರುಗುತ್ತದೆ. ಬಿಸಿಲು ಏರಿದಂತೆ ಗಾಳಿಯೂ ಏರುವುದರಿಂದ ಬೇರೆ ನಿಯಂತ್ರಣ ಬೇಕಾಗುವುದಿಲ್ಲ.

ಬೆಂಕಿ ಮತ್ತು ಫ್ಯಾನಿನಿಂದ ನಡೆಯುವ ಯಂತ್ರಗಳು ಮಳೆಯಲ್ಲಿಯೂ ಕೆಲಸ ಮಾಡುತ್ತವೆ, ಒಂದು ದಿನದೊಳಗೆ ನೂರಾರು ಕಿಲೋ ಒಣಗಿಸುತ್ತವೆ; ಹೊಟ್ಟು ಮತ್ತು ದಂಟನ್ನು ಉರುವಲಾಗಿ ಬಳಸುವ ಮಾದರಿಗಳೂ ಇವೆ. ಒಬ್ಬ ಸಣ್ಣ ರೈತನ ಫಸಲಿಗೆ ಇದು ಹೆಚ್ಚಾಯಿತು. ವರ್ಷದಲ್ಲಿ ಕೆಲವೇ ದಿನ ದುಡಿದು ಉಳಿದ ದಿನ ತುಕ್ಕು ಹಿಡಿಯುವ ಯಂತ್ರಕ್ಕೆ ಸಾಲ ಮಾಡಬಾರದು. ಇದು ಗುಂಪಿನ ಆಸ್ತಿಯಾಗಿ, ಅಥವಾ ಊರಿಂದೂರಿಗೆ ಬಾಡಿಗೆಗೆ ತಿರುಗುವ ಸೇವೆಯಾಗಿ ಇದ್ದಾಗ ಮಾತ್ರ ಕಿಲೋವಾರು ಖರ್ಚು ತಾಳುತ್ತದೆ. ಬಿತ್ತನೆಗೆ ಇಡುವ ಕಾಳನ್ನು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಮೊಳಕೆಯ ಶಕ್ತಿ ಕುಂದುತ್ತದೆ ಎಂಬುದನ್ನು ಯಂತ್ರ ನಡೆಸುವವರಿಗೆ ಮೊದಲೇ ತಿಳಿಸಿರಬೇಕು.

ಯಾವ ದಾರಿ ಹಿಡಿದರೂ ತೇವಾಂಶವನ್ನು ಅಳೆಯದೆ ಒಣಗಿತೆಂದು ಹೇಳಲಾಗದು. ಹಲ್ಲಿನಿಂದ ಕಡಿದು ನೋಡುವ ಅಭ್ಯಾಸ ಅನುಭವಿಗಳಲ್ಲಿಯೂ ತಪ್ಪಬಹುದು. ಖರ್ಚಿಲ್ಲದ ಒಂದು ಪರೀಕ್ಷೆಯಿದೆ: ಪೂರ್ತಿ ಒಣಗಿದ ಗಾಜಿನ ಸೀಸೆಯಲ್ಲಿ ಕಾಲುಭಾಗ ಕಾಳು ಮತ್ತು ಎರಡು-ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚಿದೆಯೆಂದು ಅರ್ಥ. ಅಂಟದಿದ್ದರೆ 15ಕ್ಕಿಂತ ಕಡಿಮೆಯೆಂದಷ್ಟೇ ತಿಳಿಯುತ್ತದೆ, 13ಕ್ಕೆ ಇಳಿದಿದೆಯೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಇನ್ನೂ ಒಂದು ಒಳ್ಳೆಯ ಬಿಸಿಲು ಕೊಡುವುದು ಜಾಣತನ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ರೂಪಿಸಿದ ಡ್ರೈಕಾರ್ಡ್ ಎಂಬ ಅಗ್ಗದ ಕಾರ್ಡನ್ನು ಕಾಳಿನೊಂದಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ, ಬಣ್ಣದ ಬದಲಾವಣೆಯಿಂದ ಸ್ಥಿತಿ ತಿಳಿಯುತ್ತದೆ. ಎಲೆಕ್ಟ್ರಾನಿಕ್ ಮೀಟರು ಇವೆರಡಕ್ಕಿಂತ ನಿಖರ. ಒಬ್ಬರಿಗೆ ಅದು ದುಬಾರಿಯಾದರೂ ಇಪ್ಪತ್ತು ಮನೆಗಳು ಸೇರಿ ಕೊಳ್ಳಬಹುದಾದ ವಸ್ತು.

ಒಣಗಿಸುವುದರಲ್ಲಿ ಒಂದು ಕಹಿ ಲೆಕ್ಕವೂ ಇದೆ. ಶೇಕಡಾ 20 ತೇವಾಂಶವಿರುವ 100 ಕಿಲೋ ಕಾಳು ಶೇಕಡಾ 13ಕ್ಕೆ ಇಳಿದಾಗ ಸುಮಾರು 92 ಕಿಲೋ ಆಗುತ್ತದೆ. ತೇವಾಂಶ ನೋಡದೆ ತೂಕಕ್ಕೆ ಮಾತ್ರ ಹಣ ಕೊಡುವ ವ್ಯಾಪಾರಿಗೆ ಕೊಯ್ಲಾದ ತಕ್ಷಣ ಮಾರುವವರಿಗೆ ಒಣಗಿಸುವುದೇ ನಷ್ಟವಾಗಿ ಕಾಣುತ್ತದೆ, ಮತ್ತು ಅವರನ್ನು ಅದಕ್ಕಾಗಿ ದೂಷಿಸಲಾಗದು. ಒಣಗಿಸುವ ಸಾಧನಕ್ಕೆ ಹಣ ಹಾಕುವ ಮುನ್ನ, ಒಣ ಕಾಳಿಗೆ ಹೆಚ್ಚು ಬೆಲೆ ಕೊಡುವ ಖರೀದಿದಾರರು ಸಿಗುತ್ತಾರೆಯೇ, ಅಥವಾ ಮನೆಯ ಊಟಕ್ಕೆ ಮತ್ತು ಬೀಜಕ್ಕೆ ಎಷ್ಟು ಇಟ್ಟುಕೊಳ್ಳುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು.

ಧಾನ್ಯವನ್ನು ಇಡುವ ಬಗೆಗಳು

ಗೋಣಿಚೀಲ ಅಥವಾ ಹೆಣೆದ ಪ್ಲಾಸ್ಟಿಕ್ ಚೀಲದಲ್ಲಿ ಕೀಟನಾಶಕದ ಪುಡಿ ಬೆರೆಸಿ ಇಡುವುದು ಎಲ್ಲೆಡೆ ಕಾಣುವ ಪದ್ಧತಿ. ಮೊದಲ ಖರ್ಚು ಕಡಿಮೆ, ಚೀಲವನ್ನು ಯಾವಾಗ ಬೇಕಾದರೂ ಬಿಚ್ಚಬಹುದು. ಆದರೆ ಪುಡಿಯ ಶಕ್ತಿ ಬಿಸಿ ಹವೆಯಲ್ಲಿ ತಿಂಗಳುಗಳು ಕಳೆದಂತೆ ಇಳಿಯುತ್ತದೆ, ಮತ್ತೆ ಬೆರೆಸಬೇಕಾಗುತ್ತದೆ, ಊಟಕ್ಕೆ ಬಳಸುವ ಮೊದಲು ಕಾಯಬೇಕಾದ ಅವಧಿಯನ್ನು ಪಾಲಿಸಬೇಕಾಗುತ್ತದೆ. ಧಾನ್ಯಕ್ಕೆಂದು ತಯಾರಾಗದ, ಹೊಲಕ್ಕೆ ಸಿಂಪಡಿಸುವ ವಿಷವನ್ನು ಬೆರೆಸುವವರೂ ಇದ್ದಾರೆ. ಇದು ಯಾವ ಕಾರಣಕ್ಕೂ ಸಲ್ಲದು. ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯಿಂದಾದ ಡಯಾಟಮ್ ಮಣ್ಣಿನ ಪುಡಿ ಕೀಟದ ಮೈಮೇಲಿನ ಮೇಣವನ್ನು ಕಿತ್ತು ಅದನ್ನು ಒಣಗಿಸಿ ಕೊಲ್ಲುವುದರಿಂದ ಮನುಷ್ಯರಿಗೆ ಹೆಚ್ಚು ಸುರಕ್ಷಿತವಾದರೂ, ಹವೆ ಒದ್ದೆಯಾದಷ್ಟೂ ಅದರ ಪರಿಣಾಮ ಕುಗ್ಗುತ್ತದೆ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ವಿಷಾನಿಲದ ಬಗ್ಗೆ ನನ್ನ ಮಾತು ಖಚಿತ: ಜನ ಮಲಗುವ ಮನೆಯಲ್ಲಿ, ಅಥವಾ ಆ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಇದನ್ನು ಬಳಸಲೇಬಾರದು. ಗಾಳಿಯ ತೇವ ತಗಲಿ ಹೊರಬರುವ ಫಾಸ್ಫೀನ್ ಕಣ್ಣಿಗೆ ಕಾಣದೆ ಕೊಲ್ಲುತ್ತದೆ. ಅನಿಲ ಸೋರುವ ಚೀಲದಲ್ಲಿ ಬಳಸಿದರೆ ಹುಳುಗಳು ಪೂರ್ತಿ ಸಾಯದೆ, ಉಳಿದವುಗಳ ಸಂತತಿ ವಿಷಕ್ಕೆ ಬಗ್ಗದಂತಾಗುತ್ತದೆ. ತರಬೇತಿ ಪಡೆದವರು, ಅನಿಲ ಸೋರದಂತೆ ಮುಚ್ಚಿದ ಗೋದಾಮಿನಲ್ಲಿ ಮಾಡಬೇಕಾದ ಕೆಲಸವಿದು.

ಗಾಳಿಯಾಡದ ಚೀಲಗಳು ವಿಷವಿಲ್ಲದೆ ಅದೇ ಫಲವನ್ನು ಕೊಡುತ್ತವೆ. ಇವುಗಳಲ್ಲಿ ಹೆಸರಾದ ಪಿಕ್ಸ್ ಚೀಲದ ಮೂಲ, 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಮರೂನಿನಲ್ಲಿ ಅಲಸಂದೆಯನ್ನು ಹುಳುಗಳಿಂದ ಕಾಪಾಡಲು ನಡೆಸಿದ ಕೆಲಸದಲ್ಲಿದೆ. ಒಳಗೆ ಎರಡು ದಪ್ಪ ಪಾಲಿಥೀನ್ ಪದರಗಳು, ಹೊರಗೆ ಹೆಣೆದ ಚೀಲ. ಕಾಳಿನೊಂದಿಗೆ ಒಳಸೇರಿದ ಹುಳುಗಳು ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ. ಆಮ್ಲಜನಕ ಕಡಿಮೆಯಾದಂತೆ ತಿನ್ನುವುದನ್ನು ನಿಲ್ಲಿಸುತ್ತವೆ, ಮರಿ ಮಾಡುವುದನ್ನು ನಿಲ್ಲಿಸುತ್ತವೆ, ಕೊನೆಗೆ ಸಾಯುತ್ತವೆ. ಹೊರಗಿನ ತೇವವೂ ಒಳಗೆ ಬಾರದಿರುವುದರಿಂದ, ಒದ್ದೆ ಹವೆಯಲ್ಲಿ ಗೋಣಿಚೀಲದ ಕಾಳು ಮತ್ತೆ ತೇವ ಹೀರುವಂತೆ ಇಲ್ಲಿ ಆಗುವುದಿಲ್ಲ. ಮಳೆ ಹೆಚ್ಚಿರುವ ಪ್ರದೇಶದವರಿಗೆ ಈ ಎರಡನೆಯ ಗುಣವೇ ಮೊದಲನೆಯದಕ್ಕಿಂತ ಮುಖ್ಯವಾಗಬಹುದು.

ಇದರ ಮಿತಿಗಳನ್ನೂ ನೇರವಾಗಿ ಹೇಳಬೇಕು. ಇಲಿ ಮತ್ತು ಹೆಗ್ಗಣ ಇದನ್ನು ಸುಲಭವಾಗಿ ಕಡಿಯುತ್ತವೆ. ಒಂದು ತೂತಾದರೆ ಚೀಲ ಸಾಮಾನ್ಯ ಚೀಲವಾಗುತ್ತದೆ. ಗೋಡೆಗೆ ತಾಗದಂತೆ, ಮಣೆಯ ಮೇಲೆ, ಇಲಿ ಬಾರದ ಕೋಣೆಯಲ್ಲಿ ಇಡಬೇಕು. ಚೂಪು ತುದಿಯ ಕಸ, ತೆನೆಯ ಚೂರುಗಳನ್ನು ತೂರಿ ತೆಗೆಯದಿದ್ದರೆ ಒಳಪದರ ಹರಿಯುತ್ತದೆ. ಮಧ್ಯ ಅಮೆರಿಕ ಮೂಲದ, 1970ರ ದಶಕದ ಕೊನೆಯ ಸುಮಾರಿಗೆ ಪೂರ್ವ ಆಫ್ರಿಕಾಕ್ಕೆ ಹೊಕ್ಕ ದೊಡ್ಡ ಕಾಳುಕೊರಕ ದುಂಬಿ ಇರುವ ಕಡೆ, ಆ ಕೀಟ ಪ್ಲಾಸ್ಟಿಕ್ಕನ್ನೇ ಕೊರೆಯಬಲ್ಲದು. ಪದೇ ಪದೇ ಬಿಚ್ಚಿದರೆ ಪ್ರತಿ ಬಾರಿಯೂ ಹೊಸ ಗಾಳಿ ಒಳಹೋಗುತ್ತದೆ. ಆದ್ದರಿಂದ ದಿನಬಳಕೆಯ ಕಾಳನ್ನು ಬೇರೆ ಡಬ್ಬಿಗೆ ಸುರಿದುಕೊಂಡು, ಒಂದು ಚೀಲ ಮುಗಿದ ಮೇಲೆ ಇನ್ನೊಂದನ್ನು ಬಿಚ್ಚುವ ಶಿಸ್ತು ಬೇಕು. ತೂತಾಗದಂತೆ ಜೋಪಾನ ಮಾಡಿದರೆ ಒಂದೇ ಚೀಲ ಎರಡು-ಮೂರು ಹಂಗಾಮು ಬರುತ್ತದೆ. ನಾಲ್ಕಾರು ತಿಂಗಳು ಇಡುವ, ಕೆಲವು ಕ್ವಿಂಟಲ್‌ಗಳಷ್ಟು ಕಾಳಿರುವ, ಇಲಿಯ ಕಾಟ ಹತೋಟಿಯಲ್ಲಿರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆಯನ್ನು ನಾನು ಕಾಣೆ.

ತಗಡಿನ ಕಣಜ ಇಲಿಯ ಪ್ರಶ್ನೆಗೆ ಪೂರ್ಣ ಉತ್ತರ. ಹೊಂಡುರಾಸ್‌ನಲ್ಲಿ 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಆರಂಭವಾಗಿ ನೆರೆಯ ದೇಶಗಳಿಗೆ ಹರಡಿದ ಪೋಸ್ಟ್‌ಕೊಸೇಚಾ ಕಾರ್ಯಕ್ರಮದ ಜಾಣತನವೆಂದರೆ, ಕಣಜವನ್ನು ಕಾರ್ಖಾನೆಯಿಂದ ತರಿಸದೆ ಊರಿನ ತಗಡು ಕೆಲಸದವರಿಗೇ ತರಬೇತಿ ಕೊಟ್ಟು ಮಾಡಿಸಿದ್ದು. ತಯಾರಿಸಿದವರು ಹತ್ತಿರದಲ್ಲಿಯೇ ಇರುವುದರಿಂದ ದುರಸ್ತಿಯೂ ಸುಲಭವಾಯಿತು. ಸತುವಿನ ಲೇಪವಿರುವ ತಗಡಿನ ಕಣಜ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಕಿಲೋವಾರು, ಹಂಗಾಮುವಾರು ಲೆಕ್ಕ ಹಾಕಿದಾಗ ಅದು ಚೀಲಕ್ಕೆ ಸರಿಸಮಾನವಾಗಿಯೋ ಕಡಿಮೆಯಾಗಿಯೋ ನಿಲ್ಲಬಹುದು. ಆದರೆ ಇಡೀ ಹಣವನ್ನು ಮೊದಲ ದಿನವೇ ಕೊಡಬೇಕು. ಒಂದು ವರ್ಷ ಬೆಳೆ ಕೈಕೊಟ್ಟರೆ ಕಣಜ ಖಾಲಿ ನಿಲ್ಲುತ್ತದೆ, ಚೀಲಗಳನ್ನಾದರೆ ಆ ವರ್ಷ ಕೊಳ್ಳದೆ ಇರಬಹುದು. ಅಲ್ಲದೆ ತಗಡು ಹಗಲು ಕಾದು ರಾತ್ರಿ ತಣಿಯುವುದರಿಂದ, ಬಿಸಿಲಿಗೆ ಇಟ್ಟರೆ ಕಾಳಿನ ತೇವ ಮೇಲ್ಭಾಗಕ್ಕೆ ಸರಿದು ಹನಿಗಟ್ಟಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಸೂರಿನ ಕೆಳಗೆ ನೆರಳಿನಲ್ಲಿ, ನೆಲಕ್ಕೆ ತಾಗದ ಕಟ್ಟೆಯ ಮೇಲೆ ನಿಲ್ಲಿಸುವ ಜಾಗವಿಲ್ಲದವರು ಇದನ್ನು ಕೊಳ್ಳಬಾರದು.

ಬೀಜಕ್ಕೆ ಮತ್ತು ಸ್ವಲ್ಪವೇ ದ್ವಿದಳ ಕಾಳಿಗೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು ಅಥವಾ ಕ್ಯಾನು ಸಾಕು. ಕೀಟನಾಶಕ ತುಂಬಿದ್ದ ಪಾತ್ರೆ ಆಗಿರಬಾರದು, ಕಂಠದವರೆಗೆ ತುಂಬಿ ಗಾಳಿಗೆ ಜಾಗ ಉಳಿಸಬಾರದು. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಸರಿಸುಮಾರು ಎರಡರಷ್ಟಾಗುತ್ತದೆ ಎಂಬುದು ಬೀಜತಜ್ಞರ ಹಳೆಯ ನಿಯಮ. ಒಂದು ಟನ್ನಿಗಿಂತ ಹೆಚ್ಚಿನ ಧಾನ್ಯವಿರುವ ಗುಂಪುಗಳಿಗೆ, ಚೀಲಗಳ ರಾಶಿಯನ್ನೇ ಒಳಗೊಳ್ಳುವ ದೊಡ್ಡ ಗಾಳಿಯಾಡದ ಹೊದಿಕೆಗಳಿವೆ. ಒಂದು ಮನೆಗೆ ಅವು ಬೇಡ.

ಹಣ್ಣು, ತರಕಾರಿ, ಗೆಡ್ಡೆಗಳ ವಿಚಾರ

ಇಲ್ಲಿ ಶತ್ರು ಸಮಯ ಮತ್ತು ಶಾಖ. ಉಷ್ಣತೆ 10 ಡಿಗ್ರಿ ಏರಿದರೆ ಕೆಡುವ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಹಾಗಾಗಿ ಹಣವಿಲ್ಲದವರ ಮೊದಲ ಸಾಧನ ನೆರಳು: ಮುಂಜಾನೆ ತಂಪಿನಲ್ಲಿ ಕೊಯ್ದು, ಹೊಲದಂಚಿನಲ್ಲಿಯೇ ಚಪ್ಪರ ಅಥವಾ ಮರದ ಕೆಳಗೆ ಇಟ್ಟು, ಬಿಸಿಲಿಗೆ ಒಡ್ಡದೆ ಸಾಗಿಸುವುದು. ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಮಾಡದೆ ಶೀತಲಗೃಹದ ಬಾಡಿಗೆ ಕೊಡುವುದು, ಹೊಲದಲ್ಲಿ ತುಂಬಿಕೊಂಡ ಬಿಸಿಯನ್ನು ಇಳಿಸಲಿಕ್ಕೆಂದೇ ಹಣ ಸುರಿದಂತೆ.

ಆಮೇಲೆ ಕ್ರೇಟು. ಆಳದ ಬುಟ್ಟಿ ಮತ್ತು ಮೂಟೆಗಳಲ್ಲಿ ಮೇಲಿನ ಹಣ್ಣಿನ ಭಾರಕ್ಕೆ ಕೆಳಗಿನದು ಜಜ್ಜುತ್ತದೆ, ಜಜ್ಜಿದ ಕಡೆಯಿಂದ ಕೊಳೆತ ಹರಡುತ್ತದೆ. ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಭಾರವನ್ನು ಕ್ರೇಟಿನ ಗೋಡೆ ಹೊರುತ್ತದೆ, ಹಣ್ಣಲ್ಲ. ಟೊಮೆಟೊದಂಥ ಮೃದು ಫಸಲನ್ನು ದೂರ ಸಾಗಿಸುವವರಿಗೆ ನಾನು ಮೊದಲು ಇದನ್ನೇ ಸೂಚಿಸುತ್ತೇನೆ. ತೊಡಕಿರುವುದು ಖಾಲಿ ಕ್ರೇಟು ಹಿಂದಿರುಗುವುದರಲ್ಲಿ. ವ್ಯಾಪಾರಿ ಕ್ರೇಟು ಸಮೇತ ಕೊಂಡುಹೋದರೆ ಹೂಡಿಕೆ ಹೋಯಿತು. ಠೇವಣಿ ಇರಿಸಿಕೊಳ್ಳುವ ಅಥವಾ ಗುಂಪಿನಿಂದ ಬಾಡಿಗೆಗೆ ಪಡೆಯುವ ವ್ಯವಸ್ಥೆ ಇಲ್ಲದ ಕಡೆ, ಸದ್ಯಕ್ಕೆ ಕಡಿಮೆ ಆಳದ ಬುಟ್ಟಿಗೆ ಕಾಗದ ಅಥವಾ ಹುಲ್ಲಿನ ಒಳಹಾಸು ಹಾಕುವುದೇ ಮೇಲು.

ನೀರು ಆವಿಯಾಗುವಾಗ ಉಂಟಾಗುವ ತಂಪನ್ನು ಬಳಸುವ ಎರಡು ಮಾದರಿಗಳು ಪ್ರಸಿದ್ಧ. ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬುವ, ವಿದ್ಯುತ್ ಬೇಡದ ತಂಪುಕೋಣೆ 1980ರ ದಶಕದಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬುವ ಸಾಧನವನ್ನು ಉತ್ತರ ನೈಜೀರಿಯಾದಲ್ಲಿ ಹರಡಿದ ಮೊಹಮ್ಮದ್ ಬಾ ಅಬ್ಬಾ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. ಎರಡೂ ಅಗ್ಗ, ಎರಡನ್ನೂ ಕೈಯಾರೆ ಮಾಡಿಕೊಳ್ಳಬಹುದು. ಆದರೆ ಇವು ಎಷ್ಟು ತಂಪಾಗಬಲ್ಲವೆಂಬುದನ್ನು ಹವೆಯೇ ನಿರ್ಧರಿಸುತ್ತದೆ. 38 ಡಿಗ್ರಿ ಉಷ್ಣತೆ ಮತ್ತು ಶೇಕಡಾ 20 ಆರ್ದ್ರತೆ ಇರುವಲ್ಲಿ ಆವಿಯಾಗುವಿಕೆ ತಲುಪಬಲ್ಲ ಕನಿಷ್ಠ ಮಟ್ಟ ಸುಮಾರು 21 ಡಿಗ್ರಿ. ಅದಕ್ಕಿಂತ ಕೆಲವು ಡಿಗ್ರಿ ಮೇಲೆ ನಿಂತರೂ ದೊಡ್ಡ ಲಾಭ. 32 ಡಿಗ್ರಿ ಮತ್ತು ಶೇಕಡಾ 80 ಆರ್ದ್ರತೆ ಇರುವಲ್ಲಿ ಅದೇ ಮಟ್ಟ ಸುಮಾರು 29 ಡಿಗ್ರಿ; ಅಲ್ಲಿ ಇಟ್ಟಿಗೆ, ಮರಳು, ದುಡಿಮೆ ಎಲ್ಲವೂ ವ್ಯರ್ಥ. ಬೇಸಿಗೆಯಲ್ಲಿ ಕುಡಿಯುವ ನೀರನ್ನೇ ದೂರದಿಂದ ಹೊತ್ತು ತರುವ ಮನೆಗಳಿಗೆ, ದಿನಕ್ಕೆರಡು ಬಾರಿ ಮರಳನ್ನು ತೋಯಿಸಿ ಎಂದು ಹೇಳುವ ಮೊದಲು ಆ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಯೋಚಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಮತ್ತು ಧಾನ್ಯಗಳನ್ನು ಇದರೊಳಗೆ ಇಡಲೇಬಾರದು, ಅವಕ್ಕೆ ಅಲ್ಲಿನ ತೇವವೇ ಕೇಡು.

ಶೀತಲಗೃಹ ಎಲ್ಲಕ್ಕಿಂತ ಪರಿಣಾಮಕಾರಿ, ಎಲ್ಲಕ್ಕಿಂತ ದುಬಾರಿ. ಸಾಮಾನ್ಯ ಏರ್‌ಕಂಡಿಷನರನ್ನು ಅದರ ಮಿತಿಗಿಂತ ಕೆಳಕ್ಕೆ ತಣಿಸುವಂತೆ ಮಾಡುವ ಕೂಲ್‌ಬಾಟ್‌ನಂಥ ನಿಯಂತ್ರಕಗಳಿಂದ ಖರ್ಚು ಇಳಿದಿದೆಯಾದರೂ, ಶಾಖ ತಡೆಯುವ ಗೋಡೆ ಮತ್ತು ನಂಬಬಹುದಾದ ವಿದ್ಯುತ್ ಬೇಕೇ ಬೇಕು. ನೈಜೀರಿಯಾದ ಕೋಲ್ಡ್‌ಹಬ್ಸ್ ಎಂಬ ಸಂಸ್ಥೆ ಸೌರ ವಿದ್ಯುತ್ತಿನ ಶೀತಲ ಕೋಣೆಗಳನ್ನು ಮಾರುಕಟ್ಟೆಗಳಲ್ಲಿ ನಿಲ್ಲಿಸಿ, ಒಂದು ಕ್ರೇಟಿಗೆ ಒಂದು ದಿನಕ್ಕೆ ಇಷ್ಟೆಂದು ಬಾಡಿಗೆ ಪಡೆಯುತ್ತದೆ. ಸಣ್ಣ ರೈತರಿಗೆ ಸಲ್ಲುವ ದಾರಿ ಇಂಥದ್ದೇ. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಬಾಳೆ 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ, ಬಲಿತ ಹಸಿರು ಟೊಮೆಟೊ ಅದೇ ಮಟ್ಟದ ಕೆಳಗೆ ಸರಿಯಾಗಿ ಹಣ್ಣಾಗುವುದಿಲ್ಲ, ಆದರೆ ಸೊಪ್ಪಿಗೆ ಸೊನ್ನೆಯ ಹತ್ತಿರದ ತಂಪು ಹಿತ. ಒಂದೇ ಕೋಣೆಯಲ್ಲಿ ಎಲ್ಲವನ್ನೂ ಇಡಹೊರಟರೆ ಯಾವುದಾದರೊಂದು ಕೆಡುತ್ತದೆ.

ಗೆಡ್ಡೆಗಳಿಗೆ ಯಂತ್ರಕ್ಕಿಂತ ಹದ ಮುಖ್ಯ. ಸಿಹಿಗೆಣಸನ್ನು 30 ಡಿಗ್ರಿಯ ಆಸುಪಾಸಿನ ಬೆಚ್ಚಗಿನ, ತೇವಭರಿತ ಜಾಗದಲ್ಲಿ ನಾಲ್ಕರಿಂದ ಏಳು ದಿನ ಇಟ್ಟರೆ ಸಿಪ್ಪೆಯ ಗಾಯಗಳು ಮಾಯುತ್ತವೆ. ಕೆಸುವಿನಷ್ಟು ತಾಳಿಕೆಯಿಲ್ಲದ ಮರಗೆಣಸು ಕಿತ್ತ ಎರಡು-ಮೂರು ದಿನಗಳಲ್ಲಿಯೇ ಕಪ್ಪಾಗತೊಡಗುವುದರಿಂದ, ಬೇಕಾದಾಗ ಬೇಕಾದಷ್ಟೇ ಕೀಳುವುದು ಅದರ ಅತ್ಯಗ್ಗದ ಸಂಗ್ರಹ.

ಅಗತ್ಯ ಮತ್ತು ಹಣಕ್ಕೆ ತಕ್ಕಂತೆ

ಮನೆಯ ಊಟಕ್ಕಷ್ಟೇ ಧಾನ್ಯ ಬೆಳೆದು, ಕೈಯಲ್ಲಿ ಹಣ ತೀರಾ ಕಡಿಮೆ ಇರುವವರು ಟಾರ್ಪಾಲು, ಉಪ್ಪಿನ ಪರೀಕ್ಷೆ ಮತ್ತು ಬೀಜಕ್ಕೊಂದು ಡ್ರಮ್ಮಿನಿಂದ ಆರಂಭಿಸಲಿ. ಸ್ವಲ್ಪ ಹಣ ಕೂಡಿದಾಗ, ಹಂಗಾಮಿನ ಕೊನೆಯಲ್ಲಿ ತಿನ್ನುವ ಕಾಳಿಗೆ ಮಾತ್ರ ಗಾಳಿಯಾಡದ ಚೀಲ ಕೊಳ್ಳಲಿ. ಮೊದಲ ಎರಡು ತಿಂಗಳಲ್ಲಿ ಮುಗಿಯುವುದಕ್ಕೆ ಹಳೆಯ ಚೀಲವೇ ಸಾಕು. ಇಲಿಯ ಕಾಟ ಹೆಚ್ಚಿದ್ದು, ಪ್ರತಿ ವರ್ಷವೂ ನಂಬಬಹುದಾದಷ್ಟು ಬೆಳೆ ಬರುವವರಿಗೆ ತಗಡಿನ ಕಣಜ ಹೊಂದುತ್ತದೆ.

ಬೆಲೆ ಏರುವವರೆಗೆ ಇಟ್ಟು ಮಾರಬೇಕೆನ್ನುವವರ ಲೆಕ್ಕ ಬೇರೆ. ಕೊಯ್ಲಿನ ಕಾಲದ ಬೆಲೆಗೂ ಅಭಾವದ ತಿಂಗಳ ಬೆಲೆಗೂ ಇರುವ ಅಂತರದಿಂದ ಚೀಲದ ಕಿಲೋವಾರು ಖರ್ಚನ್ನೂ, ಅಷ್ಟು ದಿನ ಕಟ್ಟಬೇಕಾದ ಸಾಲದ ಬಡ್ಡಿಯನ್ನೂ ಕಳೆಯಬೇಕು. ಕೊಯ್ಲಾದ ವಾರವೇ ಸಾಲ ತೀರಿಸಬೇಕಾದವರಿಗೆ ಯಾವ ಚೀಲವೂ ನೆರವಾಗದು. ಧಾನ್ಯವನ್ನು ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಸಾಲ ಪಡೆಯುವ ವ್ಯವಸ್ಥೆ ಹತ್ತಿರದಲ್ಲಿದ್ದರೆ ಅದೇ ಅವರಿಗೆ ಸರಿಯಾದ ಆಯ್ಕೆ.

ತರಕಾರಿ ಬೆಳೆಯುವವರಲ್ಲಿ ಮಾರುಕಟ್ಟೆಗೆ ಅರ್ಧ ದಿನದೊಳಗೆ ತಲುಪುವವರು ನೆರಳು ಮತ್ತು ಕ್ರೇಟಿಗೆ ನಿಲ್ಲಬಹುದು. ಒಣ ಹವೆಯಲ್ಲಿದ್ದು, ಎರಡು-ಮೂರು ದಿನಕ್ಕೊಮ್ಮೆ ಸಂತೆಗೆ ಒಯ್ಯುವವರಿಗೆ, ನೀರು ಹತ್ತಿರವಿದ್ದರೆ, ಇಟ್ಟಿಗೆಯ ತಂಪುಕೋಣೆ ಲಾಭದಾಯಕ. ಒದ್ದೆ ಹವೆಯವರು ಅದನ್ನು ಬಿಟ್ಟು, ಬಾಡಿಗೆಯ ಶೀತಲಗೃಹವನ್ನೋ ಮಾರದೆ ಉಳಿದದ್ದನ್ನು ಒಣಗಿಸಿಡುವುದನ್ನೋ ನೋಡಬೇಕು.

ಗುಂಪಾಗಿ ಶೀತಲಗೃಹ ಅಥವಾ ದೊಡ್ಡ ಒಣಗಿಸುವ ಯಂತ್ರ ಕೊಳ್ಳಲು ಹೊರಟವರು ಸಹಿ ಹಾಕುವ ಮುನ್ನ ಮೂರು ವಿಷಯಗಳನ್ನು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಲಿ: ವರ್ಷದಲ್ಲಿ ಎಷ್ಟು ದಿನ ಅದು ತುಂಬಿರುತ್ತದೆ, ಬ್ಯಾಟರಿ ಅಥವಾ ಫ್ಯಾನು ಕೆಟ್ಟಾಗ ಹಣ ಯಾವ ನಿಧಿಯಿಂದ ಬರುತ್ತದೆ, ಮತ್ತು ಎಲ್ಲರ ಫಸಲೂ ಒಂದೇ ವಾರ ಬಂದಾಗ ಯಾರ ಸರದಿ ಮೊದಲು. ಇವುಗಳಿಗೆ ಉತ್ತರ ಸಿಗದಿದ್ದರೆ ಆ ಹಣವನ್ನು ಕ್ರೇಟು, ಟಾರ್ಪಾಲು ಮತ್ತು ಒಂದು ಒಳ್ಳೆಯ ತೇವಾಂಶ ಮೀಟರಿಗೆ ಹಂಚುವುದು ಹೆಚ್ಚು ಫಸಲನ್ನು ಉಳಿಸುತ್ತದೆ.